ಗಾಳಿ ಲೆಕ್ಕದ ತನುಜ

ಜಂಗಮಕೋಟೆಯಲ್ಲಿ ಓದಿದವರಿಗೆ ಕೊರತೆಯಿಲ್ಲ. ಮೇಷ್ಟರಾಗಲು ಓದಿದವರು ಮೇಷ್ಟರಾಗಿದ್ದಾರೆ. ವಕೀಲರಾಗಲು ಓದಿದವರು ಶಿಡ್ಲಘಟ್ಟದ ಕೋರ್ಟಿನ ಮುಂದೆ ಕಕ್ಷಿದಾರರ ದಾರಿ ಕಾಯುತ್ತಿದ್ದಾರೆ. ಏನಾಗಬೇಕೆಂದು ತೋಚದೆ ಓದಿದವರು ಗ್ರಾಮ ಪಂಚಾಯಿತಿಗೆ ಆಯ್ಕೆಯಾಗಿದ್ದಾರೆ. ಇವರೆಲ್ಲರ ಓದು ಊರಿಗೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿದದ್ದು ಹಾಲಿನ ಡೇರಿಯ ಕಾರ್ಯದರ್ಶಿ ಕೋನಪ್ಪನ ಮಗಳು ತನುಜಳ ಓದು ಒಂದೇ.

ಡೇರಿಗೆ ಹಾಲು ಹಾಕಲು ಬರುತ್ತಿದ್ದ ಜಯರಾಮಪ್ಪ ಈ ವಿಷಯವನ್ನು ಎಲ್ಲರೆದುರಿಗೇ ಎತ್ತಿದ್ದ.

“ನಿಮ್ಮ ಹುಡುಗಿ ಅದೇನೋ ಪಿಎಚ್‌ಡಿ ಮಾಡವ್ಳಂತಲ್ಲ ಕೋನಪ್ಪ, ಯಾತರಲ್ಲಿ?”

“ಗಾಳೀಲಿ.”

“ಗಾಳೀಲಾ?”

“ಮುಚ್ಚಿದ ಮನೇಲಿ ಗಾಳಿ ಹೆಂಗೆ ತಿರುಗ್ತದೆ, ಎಲ್ಲಿ ಬಿಸಿ ನಿಲ್ತದೆ, ಎಲ್ಲಿ ತೇವ ಕೂರ್ತದೆ ಅಂತ ಕಂಪ್ಯೂಟರಲ್ಲೇ ಲೆಕ್ಕ ಹಾಕಿ ಹೇಳ್ತಾಳೆ.”

“ಕಿಟಕಿ ತೆಗೆದ್ರೆ ಗೊತ್ತಾಗಲ್ವಾ?”

ಕೋನಪ್ಪ ಹಾಲಿನ ಅಳತೆಯಿಂದ ತಲೆಯೆತ್ತದೆ ಉತ್ತರಿಸಿದ. “ಕಿಟಕಿ ತೆಗೆದ್ರೆ ಗಾಳಿ ಬರ್ತದೆ ಜಯರಾಮಪ್ಪ. ಲೆಕ್ಕ ಬರಲ್ಲ.”

ಅಂದಿನಿಂದ ಊರು ಅವಳನ್ನು ಗಾಳಿ ಲೆಕ್ಕದ ತನುಜ ಎಂದೇ ಕರೆಯಿತು. ತನುಜಳಿಗೆ ಈ ಹೆಸರಿನ ಬಗ್ಗೆ ಬೇಸರವಿರಲಿಲ್ಲ. ಅವಳ ಡಾಕ್ಟರೇಟ್ ಪತ್ರದ ಮೇಲಿದ್ದ ‘ಕಂಪ್ಯುಟೇಷನಲ್ ಸೈನ್ಸ್’ ಎಂಬ ಹೆಸರಿಗಿಂತ ಇದು ಹೆಚ್ಚು ಸ್ಪಷ್ಟವಾಗಿತ್ತು. ಕಂಪ್ಯೂಟರನ್ನು ಕುರಿತ ವಿಜ್ಞಾನ ಅದಲ್ಲ. ಪ್ರಯೋಗಶಾಲೆಯಲ್ಲಿ ಕೈಯಿಂದ ಮಾಡಿ ನೋಡಲಾಗದ್ದನ್ನು ಕಂಪ್ಯೂಟರನ್ನು ದುಡಿಸಿಕೊಂಡು ಲೆಕ್ಕದಲ್ಲಿ ಮಾಡಿ ನೋಡುವ ವಿಜ್ಞಾನ. ಇದನ್ನು ಅವಳು ಜಯರಾಮಪ್ಪನಿಗೆ ಒಂದೇ ಸಲ ಹೇಳಿದಳು, ಅವನು ಒಪ್ಪಿಕೊಂಡ. ವಿಶ್ವವಿದ್ಯಾಲಯಗಳಿಗೆ ಹೇಳಿ ಹೇಳಿ ಅವಳ ನಾಲಿಗೆ ಸವೆಯಿತು.

ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ., ಬೆಂಗಳೂರಿನಲ್ಲಿ ಗಣಿತದ ಎಂ.ಎಸ್ಸಿ., ಅದರ ಮೇಲೆ ಈ ಡಾಕ್ಟರೇಟ್. ಮೆಟ್ಟಿಲು ಹತ್ತಿದಷ್ಟೂ ಬಾಗಿಲು ಹತ್ತಿರವಾಗುತ್ತದೆಂದು ನಂಬಿದ್ದ ಅವಳಿಗೆ, ಹತ್ತಿದಷ್ಟೂ ಬಾಗಿಲು ಕಿರಿದಾಗುವ ಮನೆಗಳೂ ಇವೆಯೆಂದು ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. ಗಣಿತ ವಿಭಾಗದವರು ಪತ್ರಗಳನ್ನು ತಿರುವಿ, “ನಿಮ್ಮ ಡಾಕ್ಟರೇಟ್ ಗಣಿತದ್ದಲ್ಲವಲ್ಲ” ಎಂದರು. ಕಂಪ್ಯೂಟರ್ ವಿಭಾಗದವರು, “ನಿಮ್ಮ ಎಂ.ಎಸ್ಸಿ. ನಮ್ಮದಲ್ಲವಲ್ಲ” ಎಂದರು. ಭೌತಶಾಸ್ತ್ರದವರು ಕಾಫಿ ತರಿಸಿಕೊಟ್ಟು, ಅವಳ ಕೆಲಸವೆಲ್ಲ ನಿಜಕ್ಕೂ ಭೌತಶಾಸ್ತ್ರವೇ ಎಂದು ಮನಸಾರೆ ಹೊಗಳಿ, ಅವಳ ಪದವಿಗಳಲ್ಲಿ ಒಂದೂ ಭೌತಶಾಸ್ತ್ರದ್ದಲ್ಲದ ಕಾರಣ ತಾವು ಅಸಹಾಯಕರೆಂದರು. ಮೂರು ವಿಭಾಗಗಳಿಗೂ ಬೇಕಾದ ವಿದ್ಯೆ ಅದು. ಆದ್ದರಿಂದ ಮೂರಕ್ಕೂ ಸೇರದ ವಿದ್ಯೆ.

ಕೊನೆಗೆ ಚಿಂತಾಮಣಿಯ ಕಾಲೇಜೊಂದು ಅವಳನ್ನು ಅತಿಥಿ ಉಪನ್ಯಾಸಕಿಯಾಗಿ ಕರೆಯಿತು. ಅತಿಥಿ ಎಂದರೆ ಬಂದವರು ಹೋಗಲೇಬೇಕೆಂಬುದು ನಿಯಮ. ಅಲ್ಲಿ ಅವಳು ಬಿ.ಕಾಂ. ಮಕ್ಕಳಿಗೆ, ಪತ್ರದ ತಲೆಬರಹವನ್ನು ಕಂಪ್ಯೂಟರಿನಲ್ಲಿ ದಪ್ಪ ಅಕ್ಷರ ಮಾಡುವುದು ಹೇಗೆಂದು ಕಲಿಸುತ್ತಿದ್ದಳು. ಆ ಪಾಠಕ್ಕೆ ಅವಳ ಅರ್ಹತೆಯನ್ನು ಯಾರೂ ಪ್ರಶ್ನಿಸಲಿಲ್ಲ.

ಆದರೂ ಅವಳು ಲೆಕ್ಕ ಬಿಡಲಿಲ್ಲ. ಬಿಡದಿರಲು ಮನೆಯೊಳಗೇ ಕಾರಣವಿತ್ತು.

ಕೋನಪ್ಪನ ತಂದೆ ಇಬ್ಬರು ಗಂಡುಮಕ್ಕಳಿಗೆಂದು ಬೆನ್ನಿಗೆ ಬೆನ್ನು ಕೊಟ್ಟ ಎರಡು ಕೋಣೆಗಳನ್ನು ಕಟ್ಟಿಸಿದ್ದ. ಪಾಲಿನ ದಿನ ಒಂದಂಗುಲಕ್ಕೂ ಜಗಳ ಆಗಬಾರದೆಂದು ಒಂದೇ ಉದ್ದ, ಒಂದೇ ಅಗಲ, ಒಂದೇ ಶೀಟಿನ ಚಾವಣಿ, ಕಿಟಕಿಗಳೂ ಅಷ್ಟಷ್ಟೇ. ತಮ್ಮ ಹೆಂಡತಿಯ ಊರು ಸೇರಿದ ಮೇಲೆ ಎರಡೂ ಕೋನಪ್ಪನಿಗೇ ಉಳಿದವು. ಒಂದು ನಡುಮನೆಯಾಯಿತು. ಇನ್ನೊಂದು, ತನುಜಳ ತಾಯಿ ಕೊಂಡಮ್ಮ ರೇಷ್ಮೆಹುಳು ಸಾಕುವ ಹುಳುಮನೆಯಾಯಿತು. ಹುಳುಮನೆಯಲ್ಲಿ ಬಿಸಿ ಹೆಚ್ಚಾದರೂ ಕೇಡು, ತೇವ ಹೆಚ್ಚಾದರೂ ಕೇಡು. ಮುಚ್ಚಿದ ಕೋಣೆಯ ಗಾಳಿಯ ಲೆಕ್ಕ ಬಲ್ಲವಳಿಗೆ ಇದಕ್ಕಿಂತ ಒಳ್ಳೆಯ ಕೋಣೆ ಪ್ರಪಂಚದಲ್ಲಿ ಬೇರೊಂದಿರಲಿಲ್ಲ. ತನುಜ ಹುಳುಮನೆಯ ಮೂಲೆಗಳಲ್ಲಿ ತೇವ ಮತ್ತು ಬಿಸಿ ಅಳೆಯುವ ಬಿಳಿಯ ಪುಟ್ಟ ಪೆಟ್ಟಿಗೆಗಳನ್ನು ಇಟ್ಟಳು. ಅವು ಅಳೆದದ್ದು ತಂತಿಯಿಲ್ಲದೆ ಅವಳ ಲ್ಯಾಪ್‌ಟಾಪಿಗೆ ಬರುತ್ತಿತ್ತು. ಅವಳ ಲೆಕ್ಕ ಹೇಳಿದ ತೇವ ತೆರೆಯ ಮೇಲೆ ನೀಲಿ ಗೆರೆ. ಪೆಟ್ಟಿಗೆ ಅಳೆದ ತೇವ ಕೆಂಪು ಗೆರೆ. ಎರಡೂ ಒಂದರ ಮೇಲೊಂದು ಬಿದ್ದರೆ ಲೆಕ್ಕ ಸರಿ.

ಅವು ಬೀಳಲಿಲ್ಲ. ಒಂದರ ಹಿಂದೊಂದು ಹುಳುವಿನ ಬೆಳೆ ಕಳೆದರೂ ಕೆಂಪು ಗೆರೆ ನೀಲಿಗಿಂತ ಮೇಲೆಯೇ ನಿಂತಿತು. ತನುಜ ಬ್ಯಾಟರಿ ಬದಲಿಸಿದಳು, ಪೆಟ್ಟಿಗೆ ಬದಲಿಸಿದಳು, ಪೆಟ್ಟಿಗೆ ಮಾರಿದವರಿಗೆ ಖಾರವಾಗಿ ಬರೆದಳು. ಲೆಕ್ಕವನ್ನು ಮಾತ್ರ ಅನುಮಾನಿಸಲಿಲ್ಲ. ಡಾಕ್ಟರೇಟ್ ಬಂದ ಲೆಕ್ಕ ಅದು.

ಹೀಗಿರುವಾಗ ಚಿಕ್ಕಬಳ್ಳಾಪುರದ ಹೊರವಲಯದ ಸಂಶೋಧನಾ ಕೇಂದ್ರವೊಂದು, ಸ್ವಂತ ಸಮಸ್ಯೆಯನ್ನೂ ಸ್ವಂತ ಸ್ಥಳವನ್ನೂ ತರಬಲ್ಲ ಯೋಜನಾ ವಿಜ್ಞಾನಿಗಳು ಬೇಕೆಂದು ಪ್ರಕಟಿಸಿತು. ಯಾವ ವಿಭಾಗದ ಪದವಿಯೂ ನಡೆಯುತ್ತದೆ; ವಯಸ್ಸು ಮಾತ್ರ ಮೂವತ್ತೈದನ್ನು ಮೀರಿರಬಾರದು. ಬರುವ ಯುಗಾದಿ ಕಳೆದರೆ ತನುಜ ಆ ಗಡಿ ದಾಟುತ್ತಿದ್ದಳು. ಅವಳು ಓದಿದ ಓದಿಗೆ ಸರಿಯಾದ ಕೆಲಸವೊಂದು ಸಿಗುವುದಾದರೆ ಅದು ಇದೇ, ಸಿಗುವ ಕಾಲವೂ ಇದೇ. ಅರ್ಜಿ ಹಾಕಿದಳು. ಕೇಂದ್ರದ ಇಬ್ಬರು ಪರಿಣತರು ಖುದ್ದು ಬಂದು ಸ್ಥಳವನ್ನೂ ಪೆಟ್ಟಿಗೆಗಳನ್ನೂ ಲೆಕ್ಕವನ್ನೂ ನೋಡಿ ತೀರ್ಮಾನಿಸುವರೆಂದು ಉತ್ತರ ಬಂತು. ದಿನ, ಒಂದು ಶುಕ್ರವಾರ.

ದಿನ ಗೊತ್ತಾದ ಕೂಡಲೆ ಕೊಂಡಮ್ಮ ಗುಡುಗಿದಳು.

“ಶುಕ್ರವಾರ ಹುಳು ನಾಲ್ಕನೇ ಜ್ವರದಿಂದ ಎದ್ದಿರ್ತವೆ ಕಣೇ. ಹೊರಗಿನೋರ್ನ ಒಳಕ್ಕೆ ಬಿಡ್ತೀನಾ?”

ಹುಳು ಪೊರೆ ಬಿಡುವುದನ್ನು ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತದೆ. ಆ ದಿನಗಳಲ್ಲಿ ಪರಸ್ಥಳದವರ ನೆರಳೂ ಹುಳುಮನೆಯೊಳಗೆ ಬೀಳಬಾರದು. ರೋಗ ತರುತ್ತಾರೆಂಬುದು ಅರ್ಧ ಕಾರಣ, ಕಣ್ಣು ಬೀಳುತ್ತದೆಂಬುದು ಇನ್ನರ್ಧ. ಯಾವುದು ಎಷ್ಟೆಂದು ಕೊಂಡಮ್ಮ ಬಿಡಿಸಿ ಹೇಳುವವಳಲ್ಲ.

“ಅವ್ರು ದೊಡ್ಡ ವಿಜ್ಞಾನಿಗಳಮ್ಮ.”

“ಇದ್ರೆ ಇರ್ಲಿ ಬಿಡು. ನಿಮ್ಮಪ್ಪನ್ನೇ ಬಿಡಲ್ಲ ನಾನು, ಬೀಡಿ ವಾಸ್ನೆ ಅಂತ. ಅವ್ರು ಯಂತ್ರ ತಾನೆ ನೋಡ್ಬೇಕಾಗಿರೋದು? ನಾನು ನೋಡ್ಕೋತೀನಿ ಹೋಗು.”

ಗುರುವಾರ ತನುಜಳಿಗೆ ಚಿಂತಾಮಣಿಯಲ್ಲಿ ಪರೀಕ್ಷೆಯ ಕೆಲಸ ತಡವಾಯಿತು. ಸಹೋದ್ಯೋಗಿಯ ಮನೆಯಲ್ಲಿ ಉಳಿದು ಶುಕ್ರವಾರ ಬೆಳಗಿನ ಬಸ್ಸು ಹಿಡಿದಳು. ಅವಳು ಊರಿನ ನಿಲ್ದಾಣದಲ್ಲಿ ಇಳಿಯುವುದಕ್ಕೂ ಕೇಂದ್ರದ ಕಾರು ಮನೆಯ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು.

ಬಂದವರಲ್ಲಿ ಹಿರಿಯರು ಪ್ರೊಫೆಸರ್ ಭಾನುಪ್ರಕಾಶ್. ಅವರಿಗಿಂತ ಮೊದಲು ಅವರ ಅತ್ತರಿನ ಘಮ ಕಾರಿನಿಂದಿಳಿಯಿತು. ಜೊತೆಯಲ್ಲಿದ್ದ ಹರಿಣಿ ತನುಜಳ ವಯಸ್ಸಿನವಳು, ಕೇಂದ್ರದ ವಿಜ್ಞಾನಿ. ಕೊಂಡಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು ಕೈಮುಗಿದಳು. ಕೈಮುಗಿದ ರೀತಿಯಲ್ಲಿ ಮರ್ಯಾದೆಯೂ ಇತ್ತು, ತಡೆಯೂ ಇತ್ತು.

“ಈ ಕಡೆ ಬೇಡಿ ಸಾಮಿ. ಯಂತ್ರಗಳು ನಡುಮನೇಲಿ ಕೂತವೆ. ಕಣ್ತುಂಬ ನೋಡಿ.”

ನಡುಮನೆಯಲ್ಲಿ ಒಂದು ಮಣೆ. ಅದರ ಮೇಲೆ ಬಿಳಿಯ ಪೆಟ್ಟಿಗೆಗಳು ಸಾಲಾಗಿ ಕುಳಿತಿದ್ದವು. ಹಣೆಗಳಿಲ್ಲದಿದ್ದರೂ ಪ್ರತಿಯೊಂದಕ್ಕೂ ಕುಂಕುಮವಿತ್ತು, ನೆತ್ತಿಯ ಮೇಲೆ ಕನಕಾಂಬರವಿತ್ತು. ಭಾನುಪ್ರಕಾಶರು ಬೂಟು ಕಳಚಿ ಒಳಗೆ ಬಂದು, ನಮಸ್ಕರಿಸಬೇಕೋ ಬೇಡವೋ ತಿಳಿಯದೆ ನಿಂತರು.

“ಹುಡುಗಿಗೆ ಹಾಡು ಬರ್ತದಾ ಅಂತ ಕೇಳೋದೊಂದು ಬಾಕಿ ಸಾರ್,” ಎಂದಳು ಹರಿಣಿ.

ತನುಜಳಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಕಾರಿನ ಸದ್ದು ಕೇಳಿ ತಾಯಿ ಅವಸರದಲ್ಲಿ ಪೆಟ್ಟಿಗೆಗಳನ್ನು ಎತ್ತಿ ತಂದಿರಬೇಕೆಂದು ಅವಳು ಭಾವಿಸಿದಳು. ಪರಿಣತರನ್ನು ಜಗಲಿಗೆ ಕರೆತಂದು, ಲ್ಯಾಪ್‌ಟಾಪ್ ತೆರೆದು, ಹಿಂದಿನ ಸಂಜೆಯಿಂದ ಬೆಳಗಿನವರೆಗಿನ ಗೆರೆಗಳನ್ನು ತೆರೆಯ ಮೇಲೆ ತಂದಳು. ಕೆಂಪು ಗೆರೆ ಏಕೆ ಮೇಲಿದೆ ಎಂಬ ಪ್ರಶ್ನೆಗೆ ಪೆಟ್ಟಿಗೆಯ ದೋಷವನ್ನು ವಿವರಿಸುವ ಉತ್ತರವೊಂದನ್ನು ಬಸ್ಸಿನಲ್ಲಿಯೇ ಕಟ್ಟಿಕೊಂಡು ಬಂದಿದ್ದಳು.

ಉತ್ತರ ಬೇಕಾಗಲಿಲ್ಲ. ಕೆಂಪು ಗೆರೆ ನೀಲಿ ಗೆರೆಯ ಮೇಲೆ, ಅವಳಿ ಮಕ್ಕಳಲ್ಲಿ ಒಂದು ಇನ್ನೊಂದನ್ನು ಅಪ್ಪಿದಂತೆ ಮಲಗಿತ್ತು.

ಭಾನುಪ್ರಕಾಶರು ಕನ್ನಡಕ ಸರಿಮಾಡಿಕೊಂಡರು. “ಏನಮ್ಮಾ ಇದು! ಇಷ್ಟು ಹೊಂದಾಣಿಕೆ ನಾನು ಪುಸ್ತಕದಲ್ಲೂ ನೋಡಿಲ್ಲ.”

ತನುಜಳೂ ನೋಡಿರಲಿಲ್ಲ. ಎಷ್ಟೋ ಬೆಳೆಗಳ ಕಾಲ ತನ್ನನ್ನು ಸತಾಯಿಸಿದ ಲೆಕ್ಕ ಕೊನೆಗೂ, ಬೇಕಾದ ದಿನವೇ, ಮರ್ಯಾದೆ ಉಳಿಸಿತ್ತು. ಭಾನುಪ್ರಕಾಶರು ಲೇಖನಿ ತೆಗೆದು ವರದಿಯಲ್ಲಿ ‘ಅತ್ಯುತ್ತಮ ಹೊಂದಾಣಿಕೆ’ ಎಂದು ಬರೆಯುತ್ತಿದ್ದುದನ್ನು ಅವಳು ತಲೆಕೆಳಗಾಗಿಯೇ ಓದಿದಳು. ಕಾಫಿ ತರುವೆನೆಂದು ಹೇಳಿ ಅಡುಗೆಮನೆಗೆ ಹೋದಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

“ಅಮ್ಮ, ಕಾರು ಬಂದ ಮೇಲೆ ಅಷ್ಟು ಬೇಗ ಪೆಟ್ಟಿಗೆ ಹೆಂಗೆ ತಂದಿಟ್ಟೆ? ಹೂವು ಬೇರೆ!”

“ಈವತ್ತು ಶುಕ್ರವಾರ ಕಣೇ ಪೆದ್ದಿ. ಶುಕ್ರವಾರ ಹುಳುಮನೆಯಿಂದ ಕಡ್ಡೀನೂ ಈಚೆಗೆ ತರಲ್ಲ, ಲಕ್ಷ್ಮಿ ಆಚೆ ಹೋಗ್ತಾಳೆ. ನಿನ್ನೆ ದೀಪ ಹಚ್ಚೋ ಹೊತ್ಗೆ ಮುಂಚೇನೇ ತಂದಿಟ್ಟೆ. ಹೂವು ಬೆಳಿಗ್ಗೆ ಮುಡಿಸ್ದೆ.”

“ನಿನ್ನೇನಾ?”

“ಮತ್ತೆ? ಯಾಕೆ, ಏನಾದ್ರೂ ತಪ್ಪಾಯ್ತಾ?”

ತನುಜ ಲೋಟಗಳನ್ನು ಜೋಡಿಸುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಹಾಗಾದರೆ ರಾತ್ರಿಯೆಲ್ಲ ಪೆಟ್ಟಿಗೆಗಳು ಅಳೆದದ್ದು ನಡುಮನೆಯ ಗಾಳಿಯನ್ನು. ಒಂದೇ ಅಳತೆಯ ಕೋಣೆ, ಒಂದೇ ಚಾವಣಿ, ಅಷ್ಟೇ ಕಿಟಕಿಗಳು. ಇಲ್ಲಿ ಇಲ್ಲದ್ದು ಹುಳು ಒಂದೇ. ಹುಳುಗಳೂ ಅವು ಮೇಯುವ ಹಸಿ ಸೊಪ್ಪೂ ಬಿಡುವ ತೇವವನ್ನು ಅವಳು ಹಳೆಯ ಪುಸ್ತಕವೊಂದರಿಂದ ಎತ್ತಿಕೊಂಡು ಲೆಕ್ಕಕ್ಕೆ ಸೇರಿಸಿದ್ದಳು; ಅದು ಲೆಕ್ಕದಲ್ಲಿ ಇದ್ದೂ ಇಲ್ಲದಷ್ಟು ಚಿಕ್ಕದಾಗಿತ್ತು. ಪೆಟ್ಟಿಗೆಗಳು ಇಷ್ಟು ದಿನ ಸುಳ್ಳು ಹೇಳಿರಲೇ ಇಲ್ಲ. ಸಾವಿರಾರು ಬಾಯಿಗಳು ಉಸಿರಾಡುತ್ತಿದ್ದ ಮನೆಗೆ ಅವಳು ಹಾಕಿದ್ದ ಲೆಕ್ಕ ಖಾಲಿ ಮನೆಯ ಲೆಕ್ಕ.

ಅವಳ ಮೊದಲ ಯೋಚನೆ ವಿಜ್ಞಾನದ್ದಾಗಿತ್ತು. ಎರಡನೆಯದು ಕೆಲಸದ್ದು. ವರದಿ ಬರೆದಾಗಿದೆ. ಪೆಟ್ಟಿಗೆಗಳು ಹೊರಬಂದದ್ದು ಯಾವಾಗ ಎಂದು ಬಲ್ಲವರು ತಾಯಿ ಮತ್ತು ತಾನು. ತಾಯಿಗೆ ಅದರ ಅರ್ಥ ತಿಳಿಯದು. ಯುಗಾದಿಗೆ ಇನ್ನು ಹೆಚ್ಚು ಕಾಲವಿಲ್ಲ. ಸುಮ್ಮನೆ ಕಾಫಿ ಕೊಟ್ಟರೆ ಸಾಕು, ಓದಿಗೆ ಬೆಲೆ ಬರುತ್ತದೆ. ಆದರೆ ಯಾವ ಓದಿಗೆ? ಗೆರೆ ಏಕೆ ಹೊಂದಿತೆಂದು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಇರಲು ಇಷ್ಟು ಓದುವ ಅಗತ್ಯವೇ ಇರಲಿಲ್ಲ.

ಜಗಲಿಗೆ ಬಂದು ಕಾಫಿ ಕೊಟ್ಟಳು. ಕುಳಿತುಕೊಳ್ಳಲಿಲ್ಲ.

“ಸಾರ್, ಅದನ್ನ ಬರೀಬೇಡಿ. ಈ ಅಳತೆ ಹುಳುಮನೇದಲ್ಲ, ನಡುಮನೇದು. ನಮ್ಮಮ್ಮ ನಿನ್ನೆ ಸಂಜೇನೇ ಪೆಟ್ಟಿಗೆ ಈಚೆಗೆ ತಂದಿಟ್ಟಿದ್ದಾರೆ. ಹುಳು ಇಲ್ಲದ ಕೋಣೆಗೆ ನನ್ನ ಲೆಕ್ಕ ಹೊಂದ್ತು ಅಂದ್ರೆ, ಹುಳು ಇರೋ ಕೋಣೆಗೆ ನನ್ನ ಲೆಕ್ಕ ತಪ್ಪು ಅಂತ.”

ಎಂದವಳೇ, ಹಳೆಯ ಬೆಳೆಗಳ ಗೆರೆಗಳನ್ನೆಲ್ಲ ಒಂದೊಂದಾಗಿ ತೆರೆದು ತೋರಿಸಿದಳು. ಎಲ್ಲದರಲ್ಲೂ ಕೆಂಪು ಮೇಲೆ, ನೀಲಿ ಕೆಳಗೆ.

ಭಾನುಪ್ರಕಾಶರು ಲೋಟವನ್ನು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದದ್ದು ಲೆಕ್ಕ ತಪ್ಪಿದ್ದಕ್ಕಲ್ಲ. ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ಅವರಿಗಿರಲಿಲ್ಲ.

“ಅಮ್ಮಾ, ನೀವು ಕೆಲಸ ಬೇಕು ಅಂತ ಅರ್ಜಿ ಹಾಕಿದ್ದೀರೋ, ಬೇಡ ಅಂತಲೋ?”

“ಬೇಕು ಅಂತಲೇ ಸಾರ್.”

“ಬೇಕು ಅನ್ನೋರು ಹಿಂಗೆ ಮಾತಾಡ್ತಾರಾ? ನಾನು ಕೇಳಿದ್ನಾ ನಿಮ್ಮನ್ನ?”

ಒಳಬಾಗಿಲಲ್ಲಿ ನಿಂತಿದ್ದ ಕೊಂಡಮ್ಮ, ಯಂತ್ರಕ್ಕೆ ಹೂ ಮುಡಿಸಿದ್ದೇ ತಪ್ಪಾಯಿತೆಂದು ತಿಳಿದು, “ಸಾಮಿ, ಬೇಕಾದ್ರೆ ಕುಂಕುಮ ಒರೆಸ್ಬಿಡ್ತೀನಿ” ಎಂದಳು. ಹರಿಣಿ ನಕ್ಕಳು. ನಗು ನಿಂತ ಮೇಲೆ ಬಹಳ ಮೆತ್ತಗೆ ಹಿರಿಯರನ್ನು ಕೇಳಿದಳು:

“ಸಾರ್, ಎಲ್ಲಾ ಹೊಂದಿದೆ ಅಂತ ನಾವು ಬರೆದುಕೊಟ್ರೆ ಕೆಲಸ ಮುಗಿದಿದೆ ಅಂತ ತಾನೆ? ಮುಗಿದ ಕೆಲಸಕ್ಕೆ ವಿಜ್ಞಾನಿ ಯಾಕೆ, ಯೋಜನೆ ಯಾಕೆ ಅಂತ ಮೇಲಿನೋರು ಕೇಳಲ್ವಾ?”

ಯೋಜನೆ ಮಂಜೂರಾದರೆ ಅದರ ಮುಖ್ಯಸ್ಥರು ತಾವೇ ಎಂಬುದೂ, ಮಂಜೂರಾಗದಿದ್ದರೆ ಏನೂ ಅಲ್ಲವೆಂಬುದೂ ಭಾನುಪ್ರಕಾಶರಿಗೆ ಆ ಗಳಿಗೆಯಲ್ಲಿ ನೆನಪಾಗಿರಬೇಕು. ಕೆಂಪು ಗೆರೆಯನ್ನು ಇನ್ನೊಮ್ಮೆ ನೋಡಿದರು. ಅನಂತರ ‘ಅತ್ಯುತ್ತಮ ಹೊಂದಾಣಿಕೆ’ಯನ್ನು ಹೊಡೆದುಹಾಕಿ, ‘ಗಂಭೀರ ವ್ಯತ್ಯಾಸ, ಆಳವಾದ ಸಂಶೋಧನೆ ಅಗತ್ಯ’ ಎಂದು ಬರೆದು ಸಹಿ ಮಾಡಿದರು.

ಹೀಗೆ ಮೂರು ಪದವಿಗಳು ಕೊಡಿಸಲಾರದ ಕೆಲಸವನ್ನು ಒಂದು ತಪ್ಪು ಕೊಡಿಸಿತು. ಯುಗಾದಿಗೆ ಮೊದಲೇ ನೇಮಕದ ಆದೇಶ ಬಂತು. ಆದೇಶದಲ್ಲಿ ಒಂದು ಸಾಲಿತ್ತು: ಈ ಹುದ್ದೆ ಮೂರು ವರ್ಷಗಳ ಕಾಲ, ಅಥವಾ ವ್ಯತ್ಯಾಸದ ಕಾರಣ ಬಗೆಹರಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ.

ಕೇಂದ್ರದಲ್ಲಿ ಅನುಭವಸ್ಥರಿದ್ದರು. ಪಕ್ಕದ ಮೇಜಿನ ಚಿರಂಜೀವಿ ಅಂಥವನು. ಆರು ವರ್ಷಗಳಿಂದ ಒಂದೇ ವ್ಯತ್ಯಾಸವನ್ನು ಮಗುವಿನಂತೆ ಸಾಕಿಕೊಂಡು ಬಂದಿದ್ದ. ಅವನು ಮೊದಲ ವಾರವೇ ತನುಜಳಿಗೆ ಬುದ್ಧಿ ಹೇಳಿದ.

“ಮೇಡಂ, ನಿಧಾನ. ಇಲ್ಲಿ ಉತ್ತರ ಸಿಕ್ಕಿದೋರು ಮನೆಗೆ ಹೋಗ್ತಾರೆ.”

“ಸಿಗದೇ ಇದ್ದೋರು?”

“ಪ್ರಮೋಷನ್ನು.”

ತನುಜಳಿಗೆ ನಿಧಾನ ಒಗ್ಗಲಿಲ್ಲ. ಸಣ್ಣ ಗಾಜಿನ ಪೆಟ್ಟಿಗೆಗಳಲ್ಲಿ ಒಮ್ಮೆ ಬರೀ ಸೊಪ್ಪು, ಒಮ್ಮೆ ಬರೀ ಹುಳು, ಒಮ್ಮೆ ಎರಡನ್ನೂ ಇಟ್ಟು ಅವು ಬಿಡುವ ತೇವವನ್ನು ಅಳೆದಳು. ಹುಳುಮನೆಯೊಳಗೆ ಹೋಗಲು ಕೊಂಡಮ್ಮನ ನಿಯಮದಂತೆ ಸ್ನಾನ ಮಾಡಿ, ಕಾಲು ತೊಳೆದು, ಉಸಿರು ಬಿಗಿಹಿಡಿದು ಹೋದಳು. ಪುಸ್ತಕದಲ್ಲಿದ್ದ ಅಂಕಿ ತಂಪು ದೇಶವೊಂದರ, ಮೆಲ್ಲಗೆ ಮೇಯುವ ಹುಳುಗಳದ್ದೆಂದು ಗೊತ್ತಾಯಿತು. ಇಲ್ಲಿಯ ಹುಳು ಇಲ್ಲಿಯ ಜನರಂತೆ ಅವಸರದಲ್ಲಿ ತಿನ್ನುತ್ತದೆ. ಲೆಕ್ಕದಲ್ಲಿ ಒಂದು ಭಾಗವನ್ನು ಕಿತ್ತು ಹೊಸದಾಗಿ ಬರೆದಳು. ಎರಡನೆಯ ವರ್ಷ ಅರ್ಧ ಕಳೆಯುವ ಮೊದಲೇ, ಹುಳು ತುಂಬಿದ ಹುಳುಮನೆಯಲ್ಲಿಯೇ, ಕೆಂಪು ಗೆರೆ ನೀಲಿಯ ಮೇಲೆ ಇಳಿದು ಕುಳಿತಿತು.

ಕೇಂದ್ರ ಸಂತೋಷಪಟ್ಟಿತು. ಪ್ರಬಂಧ ಪ್ರಕಟವಾಯಿತು, ಹಿರಿತನದ ಪ್ರಕಾರ ಭಾನುಪ್ರಕಾಶರ ಹೆಸರು ಮೊದಲು, ದುಡಿಮೆಯ ಪ್ರಕಾರ ತನುಜಳ ಹೆಸರು ಆಮೇಲೆ. ಆದೇಶದ ಸಾಲಿನಂತೆ ಹುದ್ದೆ ಮುಗಿಯಿತು. ಬೀಳ್ಕೊಡುಗೆಯಲ್ಲಿ ಚಿರಂಜೀವಿ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ.

ಮನೆಯಲ್ಲಿ ಕೊಂಡಮ್ಮ ಸೊಪ್ಪು ಕತ್ತರಿಸುತ್ತಲೇ ವಿಚಾರಣೆ ನಡೆಸಿದಳು.

“ಮುಗಿಸ್ಬಿಟ್ಟಾ? ಅಷ್ಟು ಬೇಗ ಯಾಕೆ ಮುಗಿಸಕ್ಕೆ ಹೋದೆ?”

“ಮುಗೀತಲ್ಲಮ್ಮ.”

“ಮುಗೀತಂತೆ! ಒಂದು ವರ್ಷ ಎಳೆಯೋಕಾಗ್ತಿರ್ಲಿಲ್ವಾ? ನಿಮ್ಮಪ್ಪ ಒಂದು ಸೈಕಲ್ ರಿಪೇರಿ ಎಷ್ಟು ವರ್ಷ ಎಳೆದವ್ರೆ ನೋಡು.”

ತನುಜ ಮತ್ತೆ ಚಿಂತಾಮಣಿಯಲ್ಲಿ ಅತಿಥಿಯಾದಳು. ತಲೆಬರಹಗಳನ್ನು ದಪ್ಪ ಮಾಡಿಸುತ್ತಿದ್ದ ಒಂದು ಮಧ್ಯಾಹ್ನ ಭಾನುಪ್ರಕಾಶರ ಫೋನ್ ಬಂತು.

“ಮೇಡಂ, ಮುಂದಿನ ಹಂತ ಮಂಜೂರಾಗಿದೆ! ಜಿಲ್ಲೆಯ ಎಲ್ಲಾ ಹುಳುಮನೆಗಳಿಗೂ ನಿಮ್ಮ ವಿಧಾನ. ಅದು ಗೊತ್ತಿರೋ ವಿಜ್ಞಾನೀನೇ ಬೇಕು.”

“ಅರ್ಜಿ ಯಾವಾಗ ಹಾಕ್ಲಿ ಸಾರ್?”

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. “ಅದು ಹಂಗಲ್ಲ... ವಯಸ್ಸಿನ ಮಿತಿ ಹಾಗೇ ಇದೆಯಲ್ಲಮ್ಮ. ನಿಮಗೆ ಮೀರಿದೆ.”

“ಮತ್ತೆ ನನಗ್ಯಾಕೆ ಫೋನು?”

“ಆಯ್ಕೆ ಸಮಿತೀಲಿ ವಿಷಯ ಬಲ್ಲೋರು ಒಬ್ರು ಇರ್ಲೇಬೇಕು. ದೇಶದಲ್ಲಿ ಬೇರೆ ಯಾರೂ ಇಲ್ಲ. ಸಮಿತಿಗೆ ವಯಸ್ಸಿನ ಮಿತಿ ಇಲ್ಲ ಮೇಡಂ. ಕಾರು ಕಳಿಸ್ತೀವಿ.”

ಕೆಲಸ ಮಾಡಲು ಅನರ್ಹಳಾದವಳು ಕೆಲಸ ಮಾಡುವವರನ್ನು ಅಳೆಯಲು ಅರ್ಹಳಾಗಿದ್ದಳು. ಕೊಂಡಮ್ಮ ಕೇಳಿ ಕೆಂಡವಾದಳು. “ನಿನ್ನ ಜಾಗದಲ್ಲಿ ಇನ್ನೊಬ್ರನ್ನ ಕೂರಿಸಕ್ಕೆ ನೀನೇ ಹೋಗ್ತೀಯಾ? ನಾಚ್ಕೆ ಆಗಲ್ವಾ ನಿಂಗೆ?”

“ನಾನು ಹೋಗ್ದಿದ್ರೆ ಏನೂ ಗೊತ್ತಿಲ್ದೋರು ಆರಿಸ್ತಾರಮ್ಮ. ಆಮೇಲೆ ಆ ಬಂದೋರು ನಿನ್ನ ಹುಳುಮನೆ ಬಾಗಿಲಿಗೇ ಬರ್ತಾರೆ.”

ಕೊಂಡಮ್ಮನಿಗೆ ಈ ವಾದ ಹಿಡಿಸಿತು. ಇಸ್ತ್ರಿ ಮಾಡಿದ ಸೀರೆಯನ್ನು ಅವಳೇ ತಂದುಕೊಟ್ಟಳು.

ಸಂದರ್ಶನದ ಕೋಣೆಯಲ್ಲಿ ಭಾನುಪ್ರಕಾಶರ ಬಲಗಡೆ ತನುಜಳ ಕುರ್ಚಿ. ಮೊದಲು ಬಂದ ಯುವಕನ ಪತ್ರಗಳಲ್ಲಿ ಎಲ್ಲವೂ ಇತ್ತು. ಪದವಿಗಳು ಒಂದರ ಹಿಂದೊಂದು ಒಂದೇ ವಿಭಾಗದಲ್ಲಿ ನೇರವಾಗಿ ನಿಂತಿದ್ದವು. ಅವನು ತೋರಿಸಿದ ಗೆರೆಗಳೆಲ್ಲ ಒಂದರ ಮೇಲೊಂದು ಮಲಗಿದ್ದವು. ಸಮಿತಿ ತಲೆದೂಗಿತು. ಒಮ್ಮೆಯಾದರೂ ಹೊಂದದೆ ಹೋದದ್ದುಂಟೇ ಎಂದು ತನುಜ ಕೇಳಿದಳು. ಅಂಥ ಪ್ರಸಂಗವೇ ಬಂದಿಲ್ಲವೆಂದು ಅವನು ಹೆಮ್ಮೆಯಿಂದ ಹೇಳಿದ. ಅವಳು ಧನ್ಯವಾದ ಹೇಳಿ ಕಳಿಸಿದಳು.

ಎರಡನೆಯವಳು ಬಿಂದುಶ್ರೀ, ಗೌರಿಬಿದನೂರಿನವಳು. ಭೌತಶಾಸ್ತ್ರ ಓದಿ, ಮನೆಯ ಹಿಂದಿನ ಈರುಳ್ಳಿ ಉಗ್ರಾಣದ ಗಾಳಿಗೆ ಲೆಕ್ಕ ಹಾಕಿದ್ದಳು. ಅದೇ ಪ್ರಶ್ನೆಗೆ ಅವಳ ಮುಖ ಬಾಡಿತು.

“ಹೊಂದ್ತಾನೇ ಇಲ್ಲ ಮೇಡಂ. ಮಳೆ ಬಂದ ಮಾರನೇ ದಿನ ಪ್ರತೀ ಸಲ ತಪ್ಪಾಗ್ತದೆ. ಯಾಕೆ ಅಂತ ಎಷ್ಟು ತಲೆ ಕೆಡಿಸ್ಕೊಂಡ್ರೂ ತಿಳೀತಿಲ್ಲ.”

ತನುಜ ಕುರ್ಚಿಯನ್ನು ಮೇಜಿನ ಆ ಬದಿಗೆ ಎಳೆದುಕೊಂಡು ಹೋಗಿ ಹುಡುಗಿಯ ಪಕ್ಕದಲ್ಲಿ ಹಾಕಿಕೊಂಡಳು.

“ಎಲ್ಲಿ, ತೋರ್ಸಮ್ಮ. ಉಗ್ರಾಣದ ನೆಲ ಮಣ್ಣಿಂದಾ, ಕಲ್ಲಿಂದಾ?”

“ಮಣ್ಣಿಂದು ಮೇಡಂ.”

“ಮಣ್ಣು ಕುಡಿದ ನೀರನ್ನ ಲೆಕ್ಕಕ್ಕೆ ತಗೊಂಡಿದ್ದೀಯಾ?”

ಹೊರಗೆ ಕಾಯುತ್ತಿದ್ದ ಅಭ್ಯರ್ಥಿಗಳು ಬಾಗಿಲ ಕಡೆ ನೋಡತೊಡಗಿದರು. ಒಳಗೆ ಎರಡು ತಲೆಗಳು ಒಂದೇ ತೆರೆಯ ಮೇಲೆ ಬಗ್ಗಿದ್ದವು. ಭಾನುಪ್ರಕಾಶರು ಗಡಿಯಾರ ನೋಡಿದರು, ಕೆಮ್ಮಿದರು, ಕೊನೆಗೆ ಬಾಯಿಬಿಟ್ಟು ಹೇಳಿದರು:

“ಮೇಡಂ, ಇದು ಸಂದರ್ಶನ.”

“ಗೊತ್ತು ಸಾರ್,” ಎಂದಳು ತನುಜ, ತಲೆಯೆತ್ತದೆ. “ಸ್ವಲ್ಪ ಇರಿ.”